ಹಾರುವವನ ಮನೆ ಎಲ್ಲಿ?

ವಿಮಾನ ಕಂಪನಿಯಲ್ಲಿ ಹಾರುತ್ತಿದ್ದವನೊಬ್ಬ ಆ ಕೆಲಸ ಬಿಟ್ಟು, ಅರ್ಧಕ್ಕಿಂತ ಕಡಿಮೆ ಸಂಬಳಕ್ಕೆ, ಊರಿಗೆ ಹತ್ತಿರ ಅನ್ನುವ ಕಾರಣಕ್ಕೆ ಸರ್ಕಾರಿ ಪೈಲಟ್ ಆಗುತ್ತಾನೆ. ಅವನು ಮಾಡಿದ್ದು ಸರಿಯೋ ತಪ್ಪೋ? ಅದು ಅವನ ಸ್ವಂತ ವಿಚಾರ, ನಮಗ್ಯಾಕೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಹಾಗೆ ಬಂದವನು ನಮ್ಮ ಕೇರಿಯವನು, ನಮ್ಮ ಜೊತೆ ಹಾಸ್ಟೆಲಿನ ತಿಳಿಸಾರು ಉಂಡು ಬೆಳೆದವನು. ಅವನ ಬಗ್ಗೆ ಜನ ಆಡುತ್ತಿರುವ ಮಾತುಗಳು ನಮ್ಮೆಲ್ಲರ ಬಗ್ಗೆಯೂ ಆಡುವ ಮಾತುಗಳೇ ಆಗಿವೆ.

ಕುಡಿಯುವ ನೀರಿಗೆ, ಹೆಣ ಹೂಳುವ ಜಾಗಕ್ಕೆ ಇನ್ನೂ ಬಡಿದಾಡುತ್ತಿರುವ ಜನಕ್ಕೆ ವಿಮಾನದ ಮಾತು ಯಾಕಪ್ಪ ಅಂತ ಕೆಲವು ಗೆಳೆಯರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಯೋಚಿಸಿ ನೋಡಿ. ಬೆಂಗಳೂರಿನ ಕಂಪನಿ ಬಿಟ್ಟು ಗ್ರಾಮ ಆಡಳಿತಾಧಿಕಾರಿಯ ಪರೀಕ್ಷೆ ಬರೆಯುವ ಎಂಜಿನಿಯರು, ಮುಂಬಯಿಯ ದೊಡ್ಡ ಆಸ್ಪತ್ರೆ ಬಿಟ್ಟು ಹೋಬಳಿಯ ಆರೋಗ್ಯ ಕೇಂದ್ರಕ್ಕೆ ಬರುವ ನರ್ಸು, ವರ್ಗಾವಣೆಗಾಗಿ ಅರ್ಜಿ ಹಿಡಿದು ಬಿ.ಇ.ಒ. ಕಚೇರಿಯ ಮುಂದೆ ನಿಂತ ಮೇಷ್ಟ್ರು, ಇವರೆಲ್ಲರ ಎದೆಯಲ್ಲೂ ಇರುವುದು ಇದೇ ಪ್ರಶ್ನೆ. ಓದಿ ಮೇಲೆದ್ದವನು ಎಷ್ಟು ದೂರ ಹೋಗಬೇಕು? ಯಾವಾಗ ತಿರುಗಬೇಕು? ತಿರುಗಿದರೆ ಯಾರಿಗಾಗಿ ತಿರುಗಬೇಕು?

ನಮ್ಮ ಗೆಳೆಯನ ವಿಷಯದಲ್ಲಿ ತೀರ್ಪುಗಳು ಆಗಲೇ ಬಂದಿವೆ. ಜೊತೆಯಲ್ಲಿ ಹಾರುತ್ತಿದ್ದವರು "ಕ್ಯಾಪ್ಟನ್ ಆಗುವ ಹೊತ್ತಿಗೆ ಬಿಟ್ಟು ಹೋದ, ದಡ್ಡ" ಅಂದರು. ಅವನ ಸೋದರಮಾವ "ಮ್ಯಾಲಕ್ಕೋದವ್ನು ಯಾಕ್ಲಾ ಕೆಳಕ್ಕಿಳ್ದೆ?" ಅಂತ ಮುಖಕ್ಕೇ ಕೇಳಿದ. ಅವನವ್ವ ಮಾತ್ರ "ಗೌರ್ಮೆಂಟ್ ಕೆಲ್ಸ, ಕಣ್ ಮುಂದಿರ್ತನೆ, ಇನ್ನೇನ್ ಬೇಕು" ಅಂದಳು. ಸಂಘಟನೆಯ ಹಿರಿಯರೊಬ್ಬರು ಮಾತ್ರ ನಗಲಿಲ್ಲ. "ಕಂಪನಿಯವನ ಚಾಕರಿ ಬಿಟ್ಟು ಮಂತ್ರಿಯ ಚಾಕರಿಗೆ ಸೇರಿದ. ಇದರಲ್ಲಿ ಸಂತೋಷಪಡುವುದೇನು, ದುಃಖಪಡುವುದೇನು?" ಅಂದರು. ಈ ನಾಲ್ಕು ಮಾತುಗಳಲ್ಲೂ ಒಂದಿಷ್ಟು ನಿಜವಿದೆ. ಯಾವುದರಲ್ಲೂ ಪೂರ್ತಿ ನಿಜವಿಲ್ಲ. ಅದಕ್ಕೇ ಈ ಬರಹ.

ಮೊದಲು ಆಕಾಶದ ಒಡೆತನದ ವಿಚಾರ ನೋಡೋಣ. ನಮ್ಮ ಭಾಷೆಯಲ್ಲಿ 'ಹಾರುವ' ಅಂದರೆ ಬ್ರಾಹ್ಮಣ. ಹಳೆಯ 'ಪಾರುವ' ಹಾರುವನಾಗಿದ್ದಾನೆ, ಹಾರುವುದಕ್ಕೂ ಆ ಪದಕ್ಕೂ ಸಂಬಂಧವಿಲ್ಲ ಎಂದು ಪಂಡಿತರು ಹೇಳಿಯಾರು. ಪದಕ್ಕೆ ಸಂಬಂಧವಿಲ್ಲದಿರಬಹುದು, ಚರಿತ್ರೆಗೆ ಇದೆ. ಈ ದೇಶದಲ್ಲಿ ಯಾರು ಹಾರಬೇಕು, ಯಾರು ನೆಲ ಕೆರೆಯಬೇಕು ಎಂಬುದು ಹುಟ್ಟಿನಲ್ಲೇ ತೀರ್ಮಾನವಾಗುತ್ತಿತ್ತು. 1929ರಲ್ಲಿ ಭಾರತದಲ್ಲಿ ಮೊದಲ ಪೈಲಟ್ ಲೈಸೆನ್ಸ್ ಪಡೆದವರು ಜೆ.ಆರ್.ಡಿ. ಟಾಟಾ. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಟಪಾಲು ಹೊತ್ತ ವಿಮಾನವನ್ನು ನಡೆಸಿದವರೂ ಅವರೇ. ಅವರ ಧೈರ್ಯದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಅದೇ 1932ರಲ್ಲಿ ನಮ್ಮ ಜನ ದೇವಸ್ಥಾನದ ಮೆಟ್ಟಿಲು ಹತ್ತಲು ಹೊಡೆತ ತಿನ್ನುತ್ತಿದ್ದರು. ಪ್ರತ್ಯೇಕ ಮತಕ್ಷೇತ್ರದ ಹಕ್ಕು ಪುಣೆಯ ಒಪ್ಪಂದದಲ್ಲಿ ಕೈಬಿಟ್ಟು ಹೋದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಟಪಾಲು ಆಕಾಶದಲ್ಲಿ ಬಂದದ್ದು ಮುಂದಿನ ತಿಂಗಳು.

1953ರಲ್ಲಿ ವಿಮಾನ ಕಂಪನಿಗಳು ರಾಷ್ಟ್ರೀಕರಣಗೊಂಡವು. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಜನರ ಸ್ವತ್ತಾದವು, ಕಾಗದದ ಮೇಲಾದರೂ. ಕಾಗದದ ಮೇಲಾದರೂ ಎಂಬ ಮಾತು ಸಣ್ಣದಲ್ಲ. ಕಾಗದದ ಮೇಲಿದ್ದರೆ ತಾನೆ ಒಂದು ದಿನ ಹೋಗಿ ಕೇಳಬಹುದು! ಸರ್ಕಾರಿ ಸಂಸ್ಥೆಯಾದ್ದರಿಂದ ಮೀಸಲಾತಿಯ ಪ್ರಶ್ನೆಯನ್ನು ಅಲ್ಲಿ ಎತ್ತಬಹುದಿತ್ತು. 1994ರಲ್ಲಿ ಆ ಕಾಯಿದೆ ರದ್ದಾಗಿ ಖಾಸಗಿಯವರಿಗೆ ಬಾಗಿಲು ತೆರೆಯಿತು. 2022ರ ಜನವರಿ 27ರಂದು ಏರ್ ಇಂಡಿಯಾ ಮತ್ತೆ ಟಾಟಾ ಸಮೂಹದ ಕೈಗೆ ಹೋಯಿತು. ಚಕ್ರ ಒಂದು ಸುತ್ತು ತಿರುಗಿತು. ಖಾಸಗಿ ಕಂಪನಿಯ ಬಾಗಿಲಲ್ಲಿ ಮೀಸಲಾತಿ ಇಲ್ಲ. ಹೀಗಾಗಿ ಇವತ್ತು ಕಂಪನಿ ಬಿಟ್ಟು ಸರ್ಕಾರಿ ಹಾರಾಟಕ್ಕೆ ಬರುತ್ತೇನೆ ಅನ್ನುವವನಿಗೆ ಉಳಿದಿರುವ ಜಾಗ ಬಹಳ ಕಿರಿದು. ರಾಜ್ಯ ಸರ್ಕಾರಗಳ ವೈಮಾನಿಕ ವಿಭಾಗ, ಗಡಿ ಭದ್ರತಾ ಪಡೆಯ ವಾಯು ವಿಭಾಗ, ವಿಮಾನ ನಿಲ್ದಾಣಗಳ ಉಪಕರಣಗಳನ್ನು ಹಾರಾಡಿ ಪರೀಕ್ಷಿಸುವ ತಂಡ, ನಾಗರಿಕ ವಿಮಾನಯಾನ ನಿರ್ದೇಶನಾಲಯದ ತಪಾಸಕರ ಹುದ್ದೆ, ಸರ್ಕಾರಿ ತರಬೇತಿ ಶಾಲೆಗಳ ಬೋಧಕರ ಹುದ್ದೆ. ಲೆಕ್ಕ ಹಾಕಿದರೆ ಇಂಥವೇ ಕೆಲವು.

ಇನ್ನು ಹಾರಲು ಕಲಿಯುವ ದಾರಿ. ಪಿಯುಸಿಯಲ್ಲಿ ಫಿಸಿಕ್ಸೂ ಗಣಿತವೂ ಓದಿರಬೇಕು ಎಂಬುದು ಬಹುಕಾಲದ ನಿಯಮ. ನಮ್ಮ ಹೋಬಳಿಯ ಕಾಲೇಜಿನಲ್ಲಿ ಗಣಿತಕ್ಕೆ ಉಪನ್ಯಾಸಕರು ಬಂದರೆ ಫಿಸಿಕ್ಸಿನವರು ಇರುವುದಿಲ್ಲ, ಫಿಸಿಕ್ಸಿನವರು ಬಂದರೆ ಗಣಿತದವರು ಡೆಪ್ಯುಟೇಶನ್ ಮೇಲೆ ಹೋಗಿರುತ್ತಾರೆ. ಅದನ್ನೂ ದಾಟಿದರೆ ಕಮರ್ಷಿಯಲ್ ಲೈಸೆನ್ಸಿಗೆ ಇನ್ನೂರು ಗಂಟೆ ಹಾರಿರಬೇಕು. ಒಂದೊಂದು ಗಂಟೆಗೂ ಸಾವಿರಾರು ರೂಪಾಯಿ, ಒಟ್ಟು ಹತ್ತಾರು ಲಕ್ಷ. ಪರಿಶಿಷ್ಟರಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಈ ತರಬೇತಿಯೂ ಸೇರಿದೆ. ಪಟ್ಟಿಯಲ್ಲಿ ಇರುವುದನ್ನು ನಮ್ಮ ಕೇರಿಗೆ ಬಂದು ಹೇಳಿದವರು ಯಾರೂ ಇರಲಿಲ್ಲ. ಬ್ಯಾಂಕಿಗೆ ಹೋದರೆ ಅಡಮಾನ ಏನಿದೆ ಅಂತ ಕೇಳುತ್ತಾರೆ. ಗೆಳೆಯನ ಮನೆಗೆ ಇದ್ದದ್ದು ತಾತನ ಕಾಲದಲ್ಲಿ ಸರ್ಕಾರ ಮಂಜೂರು ಮಾಡಿದ ಒಂದೂವರೆ ಎಕರೆ. ಅಂಥ ಜಮೀನು ಪರಭಾರೆ ಆಗದಂತೆ 1978ರ ಕಾಯಿದೆ ಕಾಯುತ್ತದೆ. ಕಾಯಬೇಕಾದದ್ದೇ, ಇಲ್ಲಾಂದ್ರೆ ಅದೂ ಗೌಡರ ಪಾಲಾಗುತ್ತಿತ್ತು. ಆದರೆ ಅದೇ ಕಾರಣಕ್ಕೆ ಬ್ಯಾಂಕಿನವನ ಕಣ್ಣಿಗೆ ಅದು ಜಮೀನೇ ಅಲ್ಲ. ಕೊನೆಗೆ ಸೋದರಮಾವನ ಟೌನಿನ ಮನೆ ಅಡವಾಯಿತು. ಆ ಮಾವ "ಯಾಕ್ಲಾ ಕೆಳಕ್ಕಿಳ್ದೆ" ಅಂತ ಕೇಳಿದರೆ ಅದನ್ನು ಅಸೂಯೆ ಅನ್ನಲಾಗುವುದಿಲ್ಲ. ಅವನ ಮನೆಯ ಪತ್ರ ಇನ್ನೂ ಬ್ಯಾಂಕಿನಲ್ಲಿದೆ.

ಹೀಗೆ ಮೇಲೆ ಹೋದವನು ಯಾಕೆ ಬಿಟ್ಟುಬಂದ? ಇಲ್ಲಿ ಒಂದು ಪದದ ಹತ್ತಿರ ನಿಲ್ಲಬೇಕಾಗುತ್ತದೆ. ಆ ಪದ ರೋಸ್ಟರ್.

ನಮ್ಮ ಚಳವಳಿಯ ಜನಕ್ಕೆ ರೋಸ್ಟರ್ ಅಂದರೆ ಮೀಸಲಾತಿಯ ರೋಸ್ಟರ್. ಎಷ್ಟನೆಯ ಬಿಂದು ಪರಿಶಿಷ್ಟ ಜಾತಿಗೆ, ಎಷ್ಟನೆಯದು ಪಂಗಡಕ್ಕೆ, ಬ್ಯಾಕ್‌ಲಾಗ್ ಎಷ್ಟು ಅಂತ ಇಲಾಖೆಗಳ ಬಾಗಿಲು ಬಡಿದು ಕೇಳಿ ಕೇಳಿ ಸವೆದ ಪದ ಅದು. ಪೈಲಟ್ಟುಗಳಿಗೆ ರೋಸ್ಟರ್ ಅಂದರೆ ಬೇರೆ. ಈ ತಿಂಗಳು ಯಾವ ರಾತ್ರಿ ಯಾವ ಊರಿಗೆ ಹಾರಬೇಕು, ಯಾವ ಬೆಳಗಿನ ಜಾವ ಎರಡಕ್ಕೆ ಏಳಬೇಕು, ಯಾವ ಹೋಟೆಲಿನಲ್ಲಿ ಪರದೆ ಎಳೆದು ಹಗಲು ನಿದ್ದೆ ಮಾಡಬೇಕು ಅಂತ ಕಂಪನಿ ಬರೆದು ಕಳಿಸುವ ಹಣೆಬರಹ. ಒಂದು ರೋಸ್ಟರ್ ಬಾಗಿಲು ತೆರೆಯುತ್ತದೆ, ಇನ್ನೊಂದು ಆಯುಷ್ಯವನ್ನು ಹಂಚಿಹಾಕುತ್ತದೆ. ನಮ್ಮ ಗೆಳೆಯ ಮೊದಲನೆಯ ರೋಸ್ಟರಿನ ನೆರಳೂ ಇಲ್ಲದೆ ಒಳಗೆ ಹೋದ. ಎರಡನೆಯ ರೋಸ್ಟರಿನಿಂದ ಹೊರಗೆ ಬಂದ.

ಹೆಗಲ ಮೇಲೆ ಚಿನ್ನದ ಬಣ್ಣದ ಪಟ್ಟಿ ಇದ್ದ ಮಾತ್ರಕ್ಕೆ ದುಡಿಮೆ ದುಡಿಮೆಯಾಗದೆ ಹೋಗುವುದಿಲ್ಲ. ಪೈಲಟ್ಟುಗಳ ದಣಿವಿನ ವಿಷಯದಲ್ಲಿ ನಿರ್ದೇಶನಾಲಯವು 2024ರ ಜನವರಿಯಲ್ಲಿ ಹೊಸ ನಿಯಮ ಪ್ರಕಟಿಸಿತು. ವಾರದ ಬಿಡುವು 36 ಗಂಟೆಯಿಂದ 48 ಗಂಟೆಗೆ ಏರಬೇಕು, ರಾತ್ರಿ ಪಾಳಿಯಲ್ಲಿ ಇಳಿಸುವ ವಿಮಾನಗಳ ಸಂಖ್ಯೆ ಆರರಿಂದ ಎರಡಕ್ಕೆ ಇಳಿಯಬೇಕು. ಕಂಪನಿಗಳು ಎಳೆದಾಡಿದವು. ವಿಷಯ ನ್ಯಾಯಾಲಯದ ತನಕ ಹೋಗಿ, ನಿಯಮ ಜಾರಿಗೆ ಬಂದದ್ದು 2025ರ ಜುಲೈ ಮತ್ತು ನವೆಂಬರಿನಲ್ಲಿ, ಎರಡು ಕಂತಿನಲ್ಲಿ. ಡಿಸೆಂಬರ್ ಮೊದಲ ವಾರ ದೇಶದ ಅತಿ ದೊಡ್ಡ ವಿಮಾನ ಕಂಪನಿಯಾದ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದವು. ನಿಯಮಕ್ಕೆ ಬೇಕಾದಷ್ಟು ಪೈಲಟ್ಟುಗಳನ್ನು ಹೊಂದಿಸಿಕೊಂಡಿರಲಿಲ್ಲ. ಆಗ ಸರ್ಕಾರ ಏನು ಮಾಡಿತು? ಆ ಕಂಪನಿಗೆ ನಿಯಮದಿಂದ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ನಿಲ್ದಾಣದಲ್ಲಿ ಸಿಕ್ಕಿಬಿದ್ದ ಜನರ ಸಂಕಟ ಟಿ.ವಿ.ಯಲ್ಲಿ ಕಂಡಿತು. ನಿದ್ದೆಗೆಟ್ಟು ಹಾರಿಸುವವನ ಕಣ್ಣು ಯಾವ ಟಿ.ವಿ.ಯಲ್ಲೂ ಕಾಣಲಿಲ್ಲ.

ಕೆಲಸ ಬಿಡುವುದಾದರೂ ಸುಲಭವೇ? 2017ರ ನಿಯಮದ ಪ್ರಕಾರ ಕಮಾಂಡರ್ ಆದವನು ಒಂದು ವರ್ಷ ಮುಂಚೆ, ಸಹಪೈಲಟ್ ಆರು ತಿಂಗಳು ಮುಂಚೆ ನೋಟಿಸು ಕೊಡಬೇಕು. ಅವನ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು 'ಜೀತ' ಅಂತ ಕರೆಯುತ್ತಿದ್ದರಂತೆ. ಈ ಪದವನ್ನು ನಾವು ಅಷ್ಟು ಸಲೀಸಾಗಿ ಬಿಟ್ಟುಕೊಡಲಾರೆವು. ಜೀತ ಅಂದರೆ ಏನೆಂದು ನಮ್ಮ ಅಪ್ಪಂದಿರ ಬೆನ್ನಿಗೆ ಗೊತ್ತು. ತಾತ ಪಡೆದ ಮೂವತ್ತು ರೂಪಾಯಿ ಸಾಲಕ್ಕೆ ಮೊಮ್ಮಗ ದನ ಕಾಯುವುದು ಜೀತ. 1976ರ ಕಾಯಿದೆ ಬರುವ ತನಕ, ಬಂದ ಮೇಲೂ ಎಷ್ಟೋ ಹಳ್ಳಿಗಳಲ್ಲಿ, ಹಟ್ಟಿಯ ಹುಡುಗರು ಗೌಡರ ಕೊಟ್ಟಿಗೆಯಲ್ಲೇ ಹುಟ್ಟಿ ಕೊಟ್ಟಿಗೆಯಲ್ಲೇ ಮುಗಿದರು. ಲಕ್ಷದ ಲೆಕ್ಕದಲ್ಲಿ ಸಂಬಳ ಎಣಿಸುವವನು ತನ್ನನ್ನು ಜೀತದಾಳು ಅಂದುಕೊಳ್ಳಬಾರದು. ಆದರೂ ಒಂದು ಕೂದಲೆಳೆ ಎರಡನ್ನೂ ಹಾದುಹೋಗುತ್ತದೆ. ತನ್ನ ತೋಳಿನ ಕಸುಬನ್ನು ತಾನು ಎತ್ತಿಕೊಂಡು ಬಾಗಿಲು ದಾಟಬಲ್ಲನೆ ಮನುಷ್ಯ? ಜೀತದವನು ದಾಟಲಾರ. ನಮ್ಮ ಗೆಳೆಯ ಆರು ತಿಂಗಳು ಕಾದು ದಾಟಿದ. ತಾತ ದಾಟಲಾರದ ಬಾಗಿಲನ್ನು ಮೊಮ್ಮಗ ದಾಟಿದ್ದಾನೆ. ಅದಕ್ಕೆ 'ಕೆಳಗಿಳಿದ' ಅನ್ನುವ ಹೆಸರು ಹೊಂದುವುದಿಲ್ಲ.

ಹಾಗಾದರೆ ಸೇರಿದ ಜಾಗ ಎಂಥದು? ಸಂಘಟನೆಯ ಹಿರಿಯರ ಮಾತು ಚುಚ್ಚುವುದು ಇಲ್ಲೇ. ರಾಜ್ಯ ಸರ್ಕಾರದ ವಿಮಾನದಲ್ಲಿ ಕೂರುವವರು ಮಂತ್ರಿಗಳು, ಮುಖ್ಯಮಂತ್ರಿಗಳು, ದೊಡ್ಡ ಅಧಿಕಾರಿಗಳು. ಟಿಕೆಟ್ಟು ಕೊಂಡವರನ್ನು ಹೊರುವ ಕೆಲಸ ಬಿಟ್ಟು ಓಟು ಕೊಂಡವರನ್ನು ಹೊರುವ ಕೆಲಸಕ್ಕೆ ಸೇರಿದಂತಾಯಿತಲ್ಲ! ಹಿಂದೆ ಪಲ್ಲಕ್ಕಿ ಹೊರಲು ಹೆಗಲು ಬೇಕಿತ್ತು, ಈಗ ಹೆಲಿಕಾಪ್ಟರ್ ಹೊರಲು ಲೈಸೆನ್ಸು ಬೇಕು. ಬದಲಾದದ್ದೇನು?

ಒಂದು ಬದಲಾಗಿದೆ. ಪಲ್ಲಕ್ಕಿ ಹೊರುವವನಿಗೆ 'ಇಲ್ಲ' ಅನ್ನುವ ಅಧಿಕಾರವಿರಲಿಲ್ಲ. ವಿಮಾನದ ಕಾನೂನಿನಲ್ಲಿ, ಎಡಗಡೆಯೋ ಬಲಗಡೆಯೋ ಕೂತ ಆ ಕಮಾಂಡರನೇ ಹಾರಾಟದ ಸುರಕ್ಷತೆಗೆ ಕೊನೆಯ ಹೊಣೆಗಾರ. ಒಳಗೆ ಯಾರೇ ಕೂತಿರಲಿ, ಮೋಡ ಕವಿದಿದ್ದರೆ, ಎದುರಿನ ಬೆಟ್ಟ ಕಾಣದಿದ್ದರೆ "ಇವತ್ತು ಹಾರೋದಿಲ್ಲ" ಅಂತ ಅವನು ಹೇಳಬಹುದು, ಹೇಳಬೇಕು. ಸ್ವಲ್ಪ ಕಣ್ಣು ಮುಚ್ಚಿ ನೋಡಿ ಗೆಳೆಯರೇ. ಅಪ್ಪ ಗೌಡರ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತವನು. ಮಗ ಮುಖ್ಯಮಂತ್ರಿಯ ಮುಂದೆ ನಿಂತು ಆಗೋದಿಲ್ಲ ಸಾರ್ ಅನ್ನುತ್ತಾನೆ, ಕಾನೂನು ಅವನ ಬೆನ್ನಿಗಿದೆ. ಈ ದೇಶದಲ್ಲಿ ಇಂಥ 'ಇಲ್ಲ' ಎಷ್ಟು ಜನರಿಗೆ ದಕ್ಕಿದೆ?

ಆದರೆ ಕಾನೂನು ಬೆನ್ನಿಗಿದ್ದರೆ ಸಾಕೆ? 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರನ್ನು ಹೊತ್ತ ರಾಜ್ಯ ಸರ್ಕಾರದ ಹೆಲಿಕಾಪ್ಟರ್ ಕೆಟ್ಟ ಹವೆಯಲ್ಲಿ ನಲ್ಲಮಲ ಕಾಡಿನಲ್ಲಿ ಬಿತ್ತು, ಒಳಗಿದ್ದ ಐವರೂ ಸತ್ತರು. 2011ರ ಏಪ್ರಿಲ್ 30ರಂದು ಅರುಣಾಚಲದ ಮುಖ್ಯಮಂತ್ರಿ ದೋರ್ಜಿ ಖಂಡು ಹೋಗುತ್ತಿದ್ದ ಹೆಲಿಕಾಪ್ಟರ್ ಬೆಟ್ಟಗಳಲ್ಲಿ ಕಾಣೆಯಾಯಿತು, ಅಲ್ಲೂ ಐವರು. ನಾಯಕರ ಹೆಸರು ಎಲ್ಲರಿಗೂ ನೆನಪಿದೆ, ಅವರಿಗೆ ಪ್ರತಿಮೆಗಳೂ ಎದ್ದವು. ಜೊತೆಯಲ್ಲೇ ಸತ್ತ ಪೈಲಟ್ಟುಗಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ದಿನಗಳಲ್ಲಿ ಯಾರು ಯಾರಿಗೆ ಏನಂದರು ಎಂದು ಊಹಿಸುವ ಹಕ್ಕು ನಮಗಿಲ್ಲ. ನಾವು ಕೇಳುವುದು ಇಷ್ಟೇ: ಸಭೆಗೆ ಹೊತ್ತಾಗುತ್ತಿದೆ, ಜನ ಸೇರಿದ್ದಾರೆ, ಪಕ್ಕದಲ್ಲಿ ಆಪ್ತ ಸಹಾಯಕ ಗಡಿಯಾರ ನೋಡುತ್ತಿದ್ದಾನೆ, ಅಂಥ ಹೊತ್ತಿನಲ್ಲಿ 'ಇಲ್ಲ' ಅನ್ನಬೇಕಾದವನ ಕಾಲ ಕೆಳಗೆ ನೆಲ ಗಟ್ಟಿಯಾಗಿರಬೇಕೋ ಬೇಡವೋ?

ಆ ನೆಲದ ಹೆಸರು ಕಾಯಂ ನೌಕರಿ. ನಮ್ಮ ಗೆಳೆಯನ ಹುದ್ದೆ ಕಾಯಂ ಅಲ್ಲ. ವರ್ಷ ವರ್ಷಕ್ಕೆ ನವೀಕರಿಸುವ ಗುತ್ತಿಗೆ. ಅವನ ಅವ್ವ 'ಗೌರ್ಮೆಂಟ್ ಕೆಲ್ಸ' ಅಂತ ಊರೆಲ್ಲ ಹೇಳಿಕೊಂಡು ಬಂದಳಲ್ಲ, ಆ ಪದದ ಒಳಗಿನ ತಿರುಳನ್ನು ಯಾರೋ ತಿಂದು ಸಿಪ್ಪೆ ಮಾತ್ರ ಕೊಟ್ಟಿದ್ದಾರೆ. ಮುಂದಿನ ಮಾರ್ಚಿಗೆ ನವೀಕರಣವಾಗುತ್ತದೋ ಇಲ್ಲವೋ ಅನ್ನುವವನು ಈ ಜುಲೈನಲ್ಲಿ ಮಂತ್ರಿಗೆ ಎದುರಾಡುವುದು ಹೇಗೆ? ಹಲವು ಸರ್ಕಾರಗಳಂತೂ ಪೈಲಟ್ಟನ್ನೂ ಇಟ್ಟುಕೊಳ್ಳದೆ, ವಿಮಾನ ಹೆಲಿಕಾಪ್ಟರುಗಳನ್ನು ಖಾಸಗಿಯವರಿಂದ ಬಾಡಿಗೆಗೆ ತರುತ್ತವೆ. ಅಲ್ಲಿಗೆ ಹುದ್ದೆಯೇ ಮಾಯ.

ಮೀಸಲಾತಿಯ ಕಥೆಯೂ ಹೀಗೇ. 1995ರಲ್ಲಿ ಸುಪ್ರೀಂ ಕೋರ್ಟು ರೋಸ್ಟರು ಹುದ್ದೆಗಳ ಲೆಕ್ಕದಲ್ಲಿ ನಡೆಯಬೇಕು ಎಂದಿತು. 1998ರಲ್ಲಿ ಅದರ ಸಂವಿಧಾನ ಪೀಠ, ಒಂದೇ ಹುದ್ದೆ ಇರುವ ವೃಂದಕ್ಕೆ ಮೀಸಲಾತಿ ಅನ್ವಯಿಸದು ಎಂದಿತು. ಪೈಲಟ್ ಹುದ್ದೆಗಳು ಇರುವುದೇ ಒಂದೋ ಎರಡೋ. ಒಂದೊಂದು ದರ್ಜೆಗೆ ಒಂದೊಂದು ಹುದ್ದೆ ಇಟ್ಟರೆ ನಮ್ಮ ಬಿಂದು ಬರುವುದು ಯಾವ ಕಾಲಕ್ಕೆ? ಗುತ್ತಿಗೆಯಾದರೆ ರೋಸ್ಟರು ಇನ್ನೂ ಸಡಿಲ. 2024ರಲ್ಲಿ ಕರ್ನಾಟಕ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕೆಂದು ಆದೇಶ ಮಾಡಿತು. ಆ ಆದೇಶ ಯಾವ ಕಚೇರಿಯ ಯಾವ ಟೇಬಲ್ಲಿನ ಮೇಲಿದೆ ಎಂದು ಹುಡುಕುವ ಕೆಲಸ ನಮ್ಮ ಕಾರ್ಯಕರ್ತರದು. 2022ರ ಜುಲೈನಲ್ಲಿ ಈ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕಾಯಮಾತಿ ಕೇಳಿದರಲ್ಲ, ಅವರು ಸಂಬಳವೊಂದನ್ನೇ ಕೇಳಿದವರಲ್ಲ. ಕೈಗವಸಿಲ್ಲದೆ ಚರಂಡಿಗೆ ಇಳಿ ಅಂದವನಿಗೆ 'ಇಲ್ಲ' ಅನ್ನುವ ಶಕ್ತಿ ಕೇಳಿದರು. ನೆಲ ಗುಡಿಸುವ ಅಕ್ಕನೂ ಮುಗಿಲಲ್ಲಿ ಹಾರುವ ತಮ್ಮನೂ ಕೇಳಬೇಕಾದ್ದು ಒಂದೇ.

ಈಗ 'ಮನೆಗೆ ಹತ್ತಿರ' ಅನ್ನುವ ಮಾತು. ಈ ಮಾತು ಎಲ್ಲರಿಗೂ ಒಂದೇ ರುಚಿಯಲ್ಲ. 1917ರಲ್ಲಿ ಅಮೆರಿಕ ಇಂಗ್ಲೆಂಡುಗಳಲ್ಲಿ ಓದಿ ಬಂದ ಬಾಬಾಸಾಹೇಬರು, ತಮಗೆ ವಿದ್ಯಾರ್ಥಿವೇತನ ಕೊಟ್ಟ ಬರೋಡಾ ಸಂಸ್ಥಾನಕ್ಕೆ ಕರಾರಿನಂತೆ ನೌಕರಿಗೆ ಹೋದರು. ಅದೂ ಸರ್ಕಾರಿ ಕೆಲಸವೇ, ಸ್ವದೇಶದ ಕೆಲಸವೇ. ಕಚೇರಿಯಲ್ಲಿ ಜವಾನರು ಕಡತಗಳನ್ನು ದೂರದಿಂದ ಎಸೆದರು. ಇರಲು ಮನೆ ಸಿಗಲಿಲ್ಲ. ಹೆಸರು ಮರೆಸಿಕೊಂಡು ಪಾರ್ಸಿ ವಸತಿಗೃಹದಲ್ಲಿ ಉಳಿದರೆ, ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಆ ದಿನ ಸಾರ್ವಜನಿಕ ಉದ್ಯಾನದಲ್ಲಿ ಕೂತಿದ್ದು ರಾತ್ರಿಯ ರೈಲಿಗೆ ಮುಂಬಯಿಗೆ ಮರಳಿದರು. ನ್ಯೂಯಾರ್ಕಿನಲ್ಲಿ ಸಿಕ್ಕ ಕೊಠಡಿ ಬರೋಡಾದಲ್ಲಿ ಸಿಗಲಿಲ್ಲ. 1948ರಲ್ಲಿ ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯನ್ನು ಹೊಗಳುವವರ ಬಾಯಿ ಮುಚ್ಚಿಸಿದ್ದರ ಹಿಂದೆ ಇಂಥ ಎಷ್ಟು ರಾತ್ರಿಗಳಿದ್ದವೋ.

ನಮ್ಮ ಗೆಳೆಯ ದೆಹಲಿಯಲ್ಲಿದ್ದಾಗ ಹತ್ತನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಯಾರೂ ಅವನನ್ನು ಏನೂ ಕೇಳಲಿಲ್ಲ. ಊರಿಗೆ ನಾಲ್ಕು ಗಂಟೆ ಬಸ್ಸಿನ ದಾರಿಯ ನಗರಕ್ಕೆ ಬಂದು ಮನೆ ಹುಡುಕಿದಾಗ, ಮೂರನೆಯ ಮನೆಯ ಯಜಮಾನ ಸಮವಸ್ತ್ರ ನೋಡಿ ಕಾಫಿ ಕೊಟ್ಟು, ಬಹಳ ಮರ್ಯಾದೆಯಿಂದಲೇ "ತಾವು ಯಾವ ಪೈಕಿ?" ಅಂತ ಕೇಳಿದ. ಹೇಳಿದ ಮೇಲೆ, ಮನೆ ಮಗಳಿಗೆ ಬೇಕಾಗಿದೆ ಅಂತ ನೆನಪಾಯಿತು ಅವನಿಗೆ. ದೂರದಲ್ಲಿ ಸಿಗುವುದು ಯಾರೂ ಕೇಳದ ನೆಮ್ಮದಿ, ಹತ್ತಿರದಲ್ಲಿ ಸಿಗುವುದು ಅವ್ವನ ಕೈಯ ಮುದ್ದೆ, ಜೊತೆಗೆ ಈ ಪ್ರಶ್ನೆ. ಹತ್ತಿರ ಬರುವುದು ಅಂದರೆ ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡು ಬರುವುದು. ಅವನು ಒಪ್ಪಿಕೊಂಡೇ ಬಂದ. ಅದರಿಂದಲೇ ಅದನ್ನು ಸೋಲು ಅನ್ನಲು ನಮ್ಮ ನಾಲಿಗೆ ಏಳುವುದಿಲ್ಲ.

ಹಾಗಂತ ಮರಳುವುದೇ ಧರ್ಮ, ದೂರ ಹೋಗುವುದೇ ದ್ರೋಹ ಅನ್ನಬಹುದೆ? ಸಮುದ್ರದಾಚೆಯ ಒಬ್ಬ ಕಪ್ಪು ಅಣ್ಣನ ಕಥೆ ಇದಕ್ಕೆ ಉತ್ತರ ಹೇಳುತ್ತದೆ. ಮಾರ್ಲನ್ ಗ್ರೀನ್ ಅಮೆರಿಕದ ವಾಯುಪಡೆಯಲ್ಲಿ ಕ್ಯಾಪ್ಟನ್ ಆಗಿದ್ದವನು. 1957ರಲ್ಲಿ ಆ ಸರ್ಕಾರಿ ಹಾರಾಟ ಬಿಟ್ಟು ಕಾಂಟಿನೆಂಟಲ್ ಏರ್‌ಲೈನ್ಸಿಗೆ ಅರ್ಜಿ ಹಾಕಿದ. ಅವನಿಗಿಂತ ಕಡಿಮೆ ಅನುಭವದ ಬಿಳಿಯರನ್ನು ತೆಗೆದುಕೊಂಡು ಅವನನ್ನು ಬಿಟ್ಟರು. ಅವನು ಬಿಡಲಿಲ್ಲ. ಆರು ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದ. 1963ರ ಏಪ್ರಿಲ್ 22ರಂದು ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಅವನ ಪರ ತೀರ್ಪು ಕೊಟ್ಟಿತು. 1965ರಲ್ಲಿ ಅದೇ ಕಂಪನಿ ಸೇರಿ 1978ರ ತನಕ ಹಾರಿದ. ಅವನು ಸರ್ಕಾರ ಬಿಟ್ಟು ಕಂಪನಿಗೆ ಹೋದ, ನಮ್ಮವನು ಕಂಪನಿ ಬಿಟ್ಟು ಸರ್ಕಾರಕ್ಕೆ ಬಂದ. ದಿಕ್ಕು ಉಲ್ಟಾ. ಆದರೆ ಗ್ರೀನನನ್ನು ದುಡ್ಡಿಗೆ ಹೋದವನು ಎಂದು ಯಾರಾದರೂ ಅಂದಾರೆಯೆ? ಅವನು ಹೋದ ದಾರಿಯಲ್ಲಿ ಹಿಂದಿನವರಿಗೆ ಬಾಗಿಲು ತೆರೆದುಕೊಂಡಿತು. ದಿಕ್ಕಿನಲ್ಲಿ ನೀತಿ ಇಲ್ಲ. ಹಾದುಹೋದ ಬಾಗಿಲು ಹಿಂದಿನವರಿಗೆ ಏನಾಯಿತು ಎಂಬುದರಲ್ಲಿ ನೀತಿ ಇದೆ.

ಇಲ್ಲಿ ಋಣದ ಮಾತು ಬರುತ್ತದೆ. ಹಾರುವ ಕಸುಬು ಯಾರದು? ಕಷ್ಟಪಟ್ಟು ಕಲಿತವನದು. ಸರಿ. ಮನೆ ಅಡವಿಟ್ಟ ಮಾವನದೂ ಅಲ್ಲವೆ? ವಿದ್ಯಾರ್ಥಿವೇತನ ಸರ್ಕಾರದ್ದು ಅನ್ನುತ್ತೇವೆ. ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟುವ ಕೂಲಿ ಹೆಂಗಸಿನ ಕಾಸು ಅದರಲ್ಲಿಲ್ಲವೆ? 1956ರಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು, ಓದಿದವರು ಜನರನ್ನು ಮರೆತರೆಂದು ನೊಂದುಕೊಂಡದ್ದು ಈ ಋಣದ ಲೆಕ್ಕದಲ್ಲೇ. ಆ ನೋವಿನ ಮಾತನ್ನು ಇವತ್ತು ಯಾರು ಬೇಕಾದರೂ ಬಡಿಗೆಯಂತೆ ಎತ್ತಿಕೊಳ್ಳುತ್ತಿದ್ದಾರೆ. ಮೇಲುಜಾತಿಯವರ ಮಗ ಅಮೆರಿಕಕ್ಕೆ ಹೋದರೆ ಸಾಧನೆ, ಮರಳಿ ಬಂದರೆ ದೇಶಪ್ರೇಮ. ನಮ್ಮ ಹುಡುಗ ದೆಹಲಿಗೆ ಹೋದರೆ ಜನರನ್ನು ಮರೆತ, ಮರಳಿ ಬಂದರೆ ಸೋತ. ಈ ಎರಡು ತಕ್ಕಡಿಗಳನ್ನು ಮೊದಲು ಮುರಿಯಬೇಕು. ಕಾಯಿಲೆಯ ಅವ್ವನ ಹತ್ತಿರ ಇರಬೇಕು, ಮಗು ನಡೆಯುವುದನ್ನು ಕಣ್ಣಾರೆ ನೋಡಬೇಕು, ಹಬ್ಬಕ್ಕೆ ಮನೆಯಲ್ಲಿ ಉಣ್ಣಬೇಕು ಅನ್ನುವುದು ಮನುಷ್ಯನ ಆಸೆ. ಅದಕ್ಕೆ ಸಮಾಜಸೇವೆಯ ಸರ್ಟಿಫಿಕೇಟು ಬೇಕಿಲ್ಲ. ನಮ್ಮ ತಾತಂದಿರಿಗೆ ಹಬ್ಬದ ದಿನವೂ ಗೌಡರ ಮನೆಯ ಸೌದೆ ಸೀಳುವ ಕೆಲಸವಿತ್ತು. ಮೊಮ್ಮಗ ಹಬ್ಬದ ದಿನ ಮನೆಯಲ್ಲಿದ್ದರೆ ಅಷ್ಟೇ ಒಂದು ಗೆಲುವು.

ಆದರೆ ಆಸೆಯನ್ನು ಆಸೆ ಅಂತಲೇ ಕರೆಯಬೇಕು. ಮನೆಗೆ ಹತ್ತಿರ ಬಂದದ್ದಕ್ಕೆ ಜನರಿಗೆ ಹತ್ತಿರ ಬಂದೆ ಅನ್ನುವ ಹೆಸರು ಕೊಡಬಾರದು. ಅವು ಬೇರೆ ಬೇರೆ ದೂರಗಳು. ದೆಹಲಿಯಲ್ಲಿದ್ದೇ ಕೇರಿಯ ಮಕ್ಕಳ ಶುಲ್ಕ ಕಟ್ಟಿದವರಿದ್ದಾರೆ. ಪಕ್ಕದ ಬೀದಿಯಲ್ಲೇ ಮನೆ ಕಟ್ಟಿಸಿ ಕೇರಿಯ ಕಡೆಗೆ ಕಿಟಕಿ ಇಡದವರೂ ಇದ್ದಾರೆ. ನಮ್ಮ ಗೆಳೆಯನ ಮುಂದೆ ಈಗ ಎರಡನೆಯ ದೂರ ಇದೆ. ಕಂಪನಿ ಅವನ ರಾತ್ರಿಗಳನ್ನು ಕೊಂಡುಕೊಂಡಿತ್ತು, ಈಗ ಅವು ಅವನಿಗೆ ಮರಳ ಸಿಕ್ಕಿವೆ. ಅವುಗಳನ್ನು ಏನು ಮಾಡುತ್ತಾನೆ? ತನ್ನ ಹುದ್ದೆ ಕಾಯಂ ಆಗಬೇಕು ಅಂತ ಕೇಳುವಾಗ ತನ್ನೊಬ್ಬನಿಗಾಗಿ ಕೇಳುತ್ತಾನೋ, ಆ ಹುದ್ದೆಗೆ ರೋಸ್ಟರು ಬೇಕು ಅಂತಲೂ ಕೇಳುತ್ತಾನೋ? ಹವೆ ಕೆಟ್ಟ ದಿನ ಮಂತ್ರಿಗೆ 'ಇಲ್ಲ' ಅನ್ನುತ್ತಾನೋ? ಇದನ್ನು ಅವನು ಬದುಕಿ ತೋರಿಸಬೇಕು. ನಾವು ಬರೆದು ತೀರ್ಮಾನಿಸಲಾಗದು.

ನಾವು ಮಾಡಬೇಕಾದ್ದು ಬೇರೆ ಇದೆ. ಕಾರ್ಯಕರ್ತ ಗೆಳೆಯರೇ, ವಿಮಾನ ನಮ್ಮದಲ್ಲ ಅಂತ ಕೈಬಿಟ್ಟರೆ ಹುದ್ದೆಗಳೂ ನಮ್ಮವಲ್ಲದಂತೆ ಹೋಗುತ್ತವೆ. ಜಕ್ಕೂರಿನಲ್ಲಿ ನಮ್ಮ ಸರ್ಕಾರದ್ದೇ ವೈಮಾನಿಕ ತರಬೇತಿ ಶಾಲೆ ಇದೆ. ತರಬೇತಿ ನಿಂತೇ ಹೋಗಿದ್ದ ವರ್ಷಗಳೂ ಅದಕ್ಕಿದ್ದವು. ಅಲ್ಲಿ ಎಷ್ಟು ಜನ ನಮ್ಮ ಮಕ್ಕಳು ಕಲಿತರು, ಎಷ್ಟು ಬೋಧಕರ ಹುದ್ದೆ ಕಾಯಂ ಆಗಿವೆ ಅಂತ ಒಂದು ಮಾಹಿತಿ ಹಕ್ಕಿನ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು. ವಿದ್ಯಾರ್ಥಿ ಗೆಳೆಯರೇ, ದೂರ ಹೋಗುವುದಕ್ಕೆ ನಾಚಬೇಡಿ, ಮರಳುವುದಕ್ಕೂ ನಾಚಬೇಡಿ. ಎರಡನ್ನೂ ಮುಚ್ಚುಮರೆಯಿಲ್ಲದೆ ಮಾಡಿ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮಲ್ಲಿ ಒಂದು ಬೇಡಿಕೆ. ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ಕೇರಿಯ ಹುಡುಗಿಯೊಬ್ಬಳು ಬಂದು "ಸಾರ್, ಪಿಯುಸಿಗೆ ಫಿಸಿಕ್ಸು ಗಣಿತ ತಗೊಳ್ಳಲಾ?" ಅಂತ ಕೇಳಬಹುದು. ಕಾಲೇಜಿನಲ್ಲಿ ಉಪನ್ಯಾಸಕರಿಲ್ಲ, ಬಸ್ಸಿಲ್ಲ, ನಿನ್ನ ಅಪ್ಪನ ಹತ್ತಿರ ದುಡ್ಡಿಲ್ಲ, ಇವೆಲ್ಲ ನಿಜ. ಆದರೂ ಅವಳಿಗೆ ಬೇಡ ಅನ್ನಬೇಡಿ. ಉಪನ್ಯಾಸಕರು ಯಾಕಿಲ್ಲ ಅಂತ ಕೇಳುವ ಅರ್ಜಿಯನ್ನು ಅವಳ ಜೊತೆ ಕೂತು ಬರೆಯಿರಿ.